ಓಲಾನಳ ಪಾತ್ರ

ಪರ್ಲ್ ಬಕ್ ಎಂಬ ಅಮೆರಿಕದ ಲೇಖಕಿಯು ಚೀನಾದೇಶದಲ್ಲಿಯೇ ಬೆಳೆದವಳು. ಅಲ್ಲಿಯ ಬೇಸಾಯಗಾರರ ಬಾಳನ್ನು ಕುರಿತು ಆಕೆ ಬರೆದ ‘ದಿ ಗುಡ್ ಅರ್ಥ್’ ಎಂಬ ಕಾದಂಬರಿಯು 1931ರಲ್ಲಿ ಪ್ರಕಟವಾಗಿ, ಮರುವರ್ಷ ಪುಲಿಟ್ಜರ್ ಪಾರಿತೋಷಕವನ್ನು ಪಡೆಯಿತು. ಕಥಾನಾಯಕನಾದ ವಾಂಗ್ ಲುಂಗನಿಗಿಂತಲೂ ಆತನ ಹೆಂಡತಿ ಓಲಾನಳೇ ಓದಿದವರ ಮನಸ್ಸಿನಲ್ಲಿ ನಿಲ್ಲತಕ್ಕವಳು. ಸಿರಿವಂತರ ಮನೆಯಲ್ಲಿ ದಾಸಿಯಾಗಿದ್ದವಳು, ರೂಪವಿಲ್ಲ, ಮಾತಿಲ್ಲ, ಚೆಲುವಿಗೆಂದು ಬಿಗಿದು ಕಿರಿದುಮಾಡದ ದೊಡ್ಡ ಪಾದಗಳು. ಎರಡನೆಯ ಮಗುವನ್ನು ಹೆತ್ತ ದಿನವೇ ಹೊಲಕ್ಕೆ ಹಿಂದಿರುಗುತ್ತಾಳೆ. ತನಗೆಂದು ಉಳಿಸಿಕೊಂಡಿದ್ದ ಎರಡು ಮುತ್ತುಗಳನ್ನೂ ಗಂಡನು ಭೋಗಸ್ತ್ರೀಯೊಬ್ಬಳಿಗಾಗಿ ಕೇಳಿದಾಗ, ಜಗಳವಾಡದೆ ಕೊಟ್ಟುಬಿಡುತ್ತಾಳೆ.

ಈ ಕಥೆಯನ್ನು ಚಲಚ್ಚಿತ್ರವಾಗಿ ಮಾಡಲು ಹೊರಟ ಮೆಟ್ರೋ-ಗೋಲ್ಡ್ವಿನ್-ಮೇಯರ್ ಕಂಪನಿಯವರು ನಿಜತ್ವಕ್ಕಾಗಿ ಬಹಳ ಶ್ರಮಪಟ್ಟರು. ಕ್ಯಾಲಿಫೋರ್ನಿಯದ ಕಣಿವೆಯೊಂದರಲ್ಲಿ ಚೀನೀ ಹೊಲಗದ್ದೆಗಳನ್ನು ನಿರ್ಮಿಸಿದರು. ಉಳುವ ಉಪಕರಣಗಳನ್ನು ಸಮುದ್ರದಾಚೆಯಿಂದಲೇ ತರಿಸಿದರು. ಗುಂಪಿನ ದೃಶ್ಯಗಳಿಗೂ ಸಣ್ಣ ಪಾತ್ರಗಳಿಗೂ ಚೀನೀಯರು ಬೇಕಾದರು. ನಾಯಕನ ಪಾತ್ರ ಮಾತ್ರ ಯೂರೋಪಿನಲ್ಲಿ ಹುಟ್ಟಿದ ಪಾಲ್ ಮುನಿ ಎಂಬ ನಟನದಾಯಿತು. ಚೀನೀ ನಟರೇ ಇರಬೇಕೆಂಬ ಲೇಖಕಿಯ ಇಚ್ಛೆಯು ನಡೆಯಲಿಲ್ಲ.

ಆಗ ಹಾಲಿವುಡ್ಡಿನಲ್ಲಿ ಆ್ಯನಾ ಮೇ ವಾಂಗ್ ಎಂಬ ಪ್ರಸಿದ್ಧ ನಟಿಯಿದ್ದಳು. ಲಾಸ್ ಏಂಜಲೀಸಿನಲ್ಲಿ 1905ರಲ್ಲಿ ಹುಟ್ಟಿದ ಅಗಸರ ಮಗಳು. 1932ರ ‘ಶಾಂಘೈ ಎಕ್ಸ್‌ಪ್ರೆಸ್’ ಚಿತ್ರದಲ್ಲಿ ಮಾರ್ಲೀನ್ ಡೀಟ್ರಿಕ್‌ಳೊಡನೆ ಸರಿಸಮನಾಗಿ ನಿಂತವಳು. ಓಲಾನಳಾಗಬೇಕೆಂಬುದು ಆಕೆಯ ಹಂಬಲ. ಆದರೆ ಬೇರೆ ಬೇರೆ ವರ್ಣದ ಸ್ತ್ರೀಪುರುಷರ ಪ್ರಣಯವನ್ನು ತೆರೆಯ ಮೇಲೆ ತೋರಿಸಕೂಡದೆಂಬ ಕಟ್ಟುಪಾಡೊಂದು ಚಿತ್ರೋದ್ಯಮದಲ್ಲಿತ್ತು. ಲಿಖಿತ ನಿಯಮವು ಬಿಳಿಯರನ್ನೂ ಕರಿಯರನ್ನೂ ಮಾತ್ರ ಹೆಸರಿಸುತ್ತಿದ್ದರೂ, ಆಚರಣೆಯಲ್ಲಿ ಅದು ಏಷ್ಯದವರಿಗೂ ಹಬ್ಬಿತ್ತು. ಬಿಳಿಯನೊಬ್ಬನು ಬಣ್ಣ ಹಚ್ಚಿಕೊಂಡು ಚೀನೀಯನಾದ ಮೇಲೆ, ಆತನ ಚೀನೀ ಹೆಂಡತಿಯಾಗಲು ಚೀನೀ ಹೆಣ್ಣಿಗೆ ಅರ್ಹತೆ ತಪ್ಪಿತು! ಇದಕ್ಕಿಂತ ವಿಚಿತ್ರವಾದ ತರ್ಕವನ್ನು ನಮ್ಮ ನ್ಯಾಯಶಾಸ್ತ್ರಿಗಳೂ ಕಂಡಿರಲಾರರು.

ಪಾತ್ರವು ಲೂಯಿಸ್ ರೈನರ್ ಎಂಬ ಜರ್ಮನಿಯಲ್ಲಿ ಹುಟ್ಟಿದ ನಟಿಗೆ ಹೋಯಿತು. ವಾಂಗಳ ಪಾಲಿಗೆ ಬಂದುದು ಮುತ್ತುಗಳನ್ನು ಪಡೆಯುವ ಭೋಗಸ್ತ್ರೀ ಲೋಟಸ್‌ಳ ಪಾತ್ರದ ಪರೀಕ್ಷೆ. ಬಿಳಿಯರೇ ಚೀನೀಯರಾಗಿರುವ ಚಿತ್ರದಲ್ಲಿ, ಪ್ರೇಕ್ಷಕರ ಮರುಕಕ್ಕೆ ಪಾತ್ರವಾಗದ ಹೆಣ್ಣಿನ ವೇಷವನ್ನು ಮಾತ್ರ ತನಗೆ ಕೊಡಬಂದರಲ್ಲಾ ಎಂದು ಆಕೆ ನೊಂದಳು. ಕಡೆಗೆ ಆ ಪಾತ್ರವನ್ನೂ ವಿಯೆನ್ನಾದ ನರ್ತಕಿ ಟಿಲ್ಲಿ ಲಾಷ್ ಮಾಡಿದಳು.

1937ರಲ್ಲಿ ಹೊರಬಂದ ಚಿತ್ರವು ಜನಮನ್ನಣೆಯನ್ನು ಪಡೆಯಿತು. ರೈನರಳಿಗೆ ಅಕಾಡೆಮಿ ಪ್ರಶಸ್ತಿಯೂ ದೊರೆಯಿತು. ಅದು ಅನರ್ಹವಾದ ಗೌರವವಲ್ಲ. ಬಗ್ಗಿದ ಬೆನ್ನು, ತಗ್ಗಿದ ಕಣ್ಣು, ಅಪರೂಪದ ಮಾತು, ಇವುಗಳಿಂದಲೇ ಆಕೆ ಕಾದಂಬರಿಯ ಮೌನವನ್ನು ತೆರೆಗೆ ತಂದಳು. ಆದರೆ ಆಕೆಯಿಂದಾಗಿ ಕಥೆಯ ತೂಕವೂ ಬದಲಾದಂತೆ ತೋರುತ್ತದೆ. ಪುಸ್ತಕದಲ್ಲಿ ಓಲಾನಳು ತೀರಿಕೊಂಡ ಮೇಲೂ ಕಥೆಯು ಮುಂದುವರಿದು, ವಾಂಗ್ ಲುಂಗನ ಮುಪ್ಪಿನವರೆಗೆ, ನೆಲವನ್ನು ಮಾರಲು ಗುಟ್ಟಾಗಿ ಯೋಚಿಸುವ ಮಕ್ಕಳವರೆಗೆ ಹೋಗುತ್ತದೆ. ಚಿತ್ರವು ಓಲಾನಳ ಮರಣದಲ್ಲಿಯೇ, ಗಂಡನು ಅವಳನ್ನು ಭೂಮಿಗೆ ಹೋಲಿಸುವಲ್ಲಿಯೇ ಮುಗಿಯುತ್ತದೆ. ಕಾದಂಬರಿಯ ಕಹಿಯು ಕಣ್ಣೀರಾಗಿ ಕರಗಿತು.

ವಾಂಗಳು 1936ರಲ್ಲಿಯೇ ಚೀನಾಕ್ಕೆ ಹೊರಟು, ತಂದೆಯ ಊರನ್ನು ನೋಡಿದಳು. ಆ ಪ್ರವಾಸವನ್ನು ಚಿತ್ರವಾಗಿ ತೆಗೆಸಿಟ್ಟಳು. ಅದರಲ್ಲಿ ಆಕೆಗೆ ಯಾವ ಪಾತ್ರವೂ ಇರಲಿಲ್ಲ. ಆಕೆ ತಾನೇ ಆಗಿದ್ದಳು.