ಹೊಳೆದಂಡೆಯ ಹುಲ್ಲು, ಗದ್ದೆಯ ಕಬ್ಬು

ನಮ್ಮ ವಿದ್ಯಾನಗರದಿಂದ ಭದ್ರಾವತಿಯ ಕಡೆಗೆ ಹೊರಟರೆ, ಭದ್ರಾ ನಾಲೆಯ ನೀರುಣ್ಣುವ ಗದ್ದೆಗಳಲ್ಲಿ ಒಂದು ಕಾಲಕ್ಕೆ ಕಬ್ಬು ಆಳೆತ್ತರ ನಿಂತಿರುತ್ತಿತ್ತು. 1936ರಲ್ಲಿ ಸ್ಥಾಪನೆಗೊಂಡ ಮೈಸೂರು ಕಾಗದ ಕಾರ್ಖಾನೆಯು 1980ರ ದಶಕದಲ್ಲಿ ಸಕ್ಕರೆ ಘಟಕವನ್ನೂ ಆರಂಭಿಸಿ, ರಸವನ್ನು ಸಕ್ಕರೆಗೂ ಸಿಪ್ಪೆಯನ್ನು ಕಾಗದಕ್ಕೂ ಬಳಸಿತು. 2015ರ ಸುಮಾರಿಗೆ ಕಾರ್ಖಾನೆಯ ಉತ್ಪಾದನೆ ನಿಂತಿತು. ಪೇಪರ್ ಟೌನ್‌ನ ಮನೆಗಳಿಂದ ಶಾಲೆಗೆ ಬಂದ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಆ ಕಥೆಯನ್ನು ನಾನು ಹೇಳಬೇಕಾಗಿಲ್ಲ. ಇಲ್ಲಿ ಹೇಳಹೊರಟಿರುವುದು ಆ ಕಬ್ಬಿನ ವಂಶಾವಳಿ.

ಹೊಳೆದಂಡೆಗಳಲ್ಲಿ ಬೆಳ್ಳನೆಯ ಸೂಲಂಗಿ ಬಿಟ್ಟು ತೂಗಾಡುವ ಕಾಡುಕಬ್ಬನ್ನು ಎಲ್ಲರೂ ಕಂಡಿರುತ್ತೀರಿ. ಸಂಸ್ಕೃತದ ಕಾಶ ಇದೇ. ಸಸ್ಯಶಾಸ್ತ್ರದ ಹೆಸರು ಸ್ಯಾಕರಮ್ ಸ್ಪಾಂಟೇನಿಯಮ್. ಇದು ಬಹುವಾರ್ಷಿಕ ಹುಲ್ಲು. ಕೊಯ್ದರೂ ಸುಟ್ಟರೂ ಬುಡದಿಂದ ಮತ್ತೆ ಚಿಗುರುತ್ತದೆ. ಸಿಹಿಯಂತೂ ಇಲ್ಲವೆಂದೇ ಹೇಳಬೇಕು. ರಸದಾಳಿಯಂತಹ ದಪ್ಪ ಕಬ್ಬು ಇದಕ್ಕೆ ತದ್ವಿರುದ್ಧ: ರಸಭರಿತ, ಆದರೆ ರೋಗಕ್ಕೂ ಚಳಿಗೂ ಬೇಗ ಸೋಲುವಂಥದು.

1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ಕೇಂದ್ರ ಪ್ರಾರಂಭವಾಯಿತು. ಅಲ್ಲಿ ಸಿ. ಎ. ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಅವರು 'ವೆಲ್ಲೈ' ಎಂಬ ದಪ್ಪ ಕಬ್ಬನ್ನು ಸ್ಥಳೀಯ ಕಾಡುಕಬ್ಬಿನೊಡನೆ ಸಂಕರಗೊಳಿಸಿದರು. ಹುಟ್ಟಿದ್ದು ಕೋ 205. 1918ರಲ್ಲಿ ಅದು ಪಂಜಾಬಿನ ಹೊಲಗಳಿಗೆ ಹೋಯಿತು. ಜಾವಾದ ಸಕ್ಕರೆಯನ್ನು ಕೊಂಡು ತಿನ್ನುತ್ತಿದ್ದ ದೇಶಕ್ಕೆ ಇದು ಸಣ್ಣ ಸಂಗತಿಯಲ್ಲ. ದಕ್ಷಿಣದಲ್ಲಿ ದೀರ್ಘಕಾಲ ಮೆರೆದ ಕೋ 419ರಲ್ಲಿಯೂ ಕಾಡುಹುಲ್ಲಿನ ಅಂಶವಿದೆ. ಅದರಲ್ಲಿ ಒಂದು ಪಾಲು ಜಾವಾದ ತಳಿಯ ಮೂಲಕ ಬಂದದ್ದು.

ಇನ್ನು ಲೆಕ್ಕದ ತೊಡಕಿಗೆ ಬರೋಣ. ಮೆಂಡಲನ ಬಟಾಣಿಗೆ ಇರುವುದು 7 ಜೊತೆ ವರ್ಣತಂತುಗಳು. ತಾಯಿಯಿಂದ ಅರ್ಧ, ತಂದೆಯಿಂದ ಅರ್ಧ ಎಂದು ತರಗತಿಯಲ್ಲಿ ಬರೆಸಿದ್ದು ನಿಮಗೆ ನೆನಪಿರಬಹುದು. ಕಬ್ಬು ಈ ಪಾಠಕ್ಕೆ ಬಗ್ಗುವುದಿಲ್ಲ. ದಪ್ಪ ಕಬ್ಬಿನಲ್ಲಿ 80, ಕೊಯಮತ್ತೂರಿನ ಕಾಡುಕಬ್ಬಿನಲ್ಲಿ 64 ವರ್ಣತಂತುಗಳು. ಸಂಕರದಲ್ಲಿ 40 ಮತ್ತು 32 ಸೇರಿ 72 ಆಗಬೇಕಷ್ಟೆ? ಆದದ್ದು 112! ತಾಯಿಯು ತನ್ನ 80ನ್ನೂ ಇಡಿಯಾಗಿ ದಾಟಿಸಿಬಿಟ್ಟಿತ್ತು. ಇಂತಹ ವಿಚಿತ್ರವನ್ನು 1920ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವಿಜ್ಞಾನಿ ಬ್ರೆಮರ್ ಗುರುತಿಸಿದ್ದನು.

1934ರಲ್ಲಿ ಕೊಯಮತ್ತೂರಿಗೆ ಬಂದ ತಲಶ್ಶೇರಿಯ ಇ. ಕೆ. ಜಾನಕಿ ಅಮ್ಮಾಳ್ ಅವರು ಕಾಡುಕಬ್ಬುಗಳ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಡಿಯಲ್ಲಿ ಎಣಿಸಿದರು. ಕಬ್ಬನ್ನು ಮುಸುಕಿನ ಜೋಳದೊಡನೆಯೂ ಸಂಕರಗೊಳಿಸಿದರು. 1939ರಲ್ಲಿ ವಿಜ್ಞಾನ ಸಮ್ಮೇಳನಕ್ಕೆಂದು ಎಡಿನ್‌ಬರೋಗೆ ಹೋದವರು ಯುದ್ಧದ ಕಾರಣ ಬ್ರಿಟನ್ನಿನಲ್ಲಿಯೇ ಉಳಿದರು. 1945ರಲ್ಲಿ ಡಾರ್ಲಿಂಗ್ಟನ್‌ರೊಡನೆ ಬೆಳೆಗಳ ವರ್ಣತಂತುಗಳ ಬೃಹತ್ ಕೋಶವನ್ನು ಪ್ರಕಟಿಸಿದರು. ನಮ್ಮ ಪಠ್ಯಪುಸ್ತಕಗಳಲ್ಲಿ ಅವರಿಗೆ ಒಂದು ಪುಟವಾದರೂ ಸಲ್ಲಬೇಕಿತ್ತೆಂಬುದು ನನ್ನ ಅಭಿಪ್ರಾಯ.

ಎಣಿಕೆಯೇನೋ ಆಯಿತು, ಜೀನುಗಳ ನಕ್ಷೆ ಬರೆಯುವುದು ಬೇರೆಯೇ ಕೆಲಸ. ಯಾವ ಎರಡು ಗುರುತುಗಳು ಸಂತತಿಯಲ್ಲಿ ಜೊತೆಜೊತೆಗೆ ಸಾಗುತ್ತವೆಯೋ ಅವು ವರ್ಣತಂತುವಿನಲ್ಲಿ ಹತ್ತಿರ ಇವೆ ಎಂಬುದು ಇದರ ಮೂಲತತ್ತ್ವ. ಕಾಡುಕಬ್ಬಿನ ಒಂದು ತಳಿಯಲ್ಲಿ ಪ್ರತಿ ವರ್ಣತಂತುವಿಗೂ ಎಂಟು ಪ್ರತಿಗಳಿದ್ದರೆ ಯಾವುದು ಯಾವುದರ ಜೊತೆ ಬಂತೆಂದು ಹೇಳುವುದು ಹೇಗೆ? ಎಂಟರಲ್ಲಿ ಒಂದೇ ಪ್ರತಿಯಲ್ಲಿರುವ ಡಿಎನ್‌ಎ ಗುರುತುಗಳನ್ನು ಮಾತ್ರ ಆರಿಸಿಕೊಂಡರೆ ಅವು ಸಂತತಿಯ ಅರ್ಧಭಾಗಕ್ಕೆ ಹೋಗುತ್ತವೆ, ಲೆಕ್ಕ ಸರಳವಾಗುತ್ತದೆ. ಹೀಗೆ 1993ರಲ್ಲಿ ಎಸ್‌ಇಎಸ್ 208 ಎಂಬ ಕಾಡುಕಬ್ಬಿನ ನಕ್ಷೆ ಸಿದ್ಧವಾಯಿತು. ಅದರದೇ ಅರ್ಧ ಸಂಖ್ಯೆಯ, 32 ವರ್ಣತಂತುಗಳ ಸಸಿಯ ಪೂರ್ಣ ಜೀನೋಮ್ 2018ರಲ್ಲಿ ಪ್ರಕಟವಾಯಿತು. ಪೂರ್ವಜರ ಹತ್ತು ಮೂಲ ವರ್ಣತಂತುಗಳಲ್ಲಿ ಎರಡು ಮುರಿದು ಬೇರೆಯವುಗಳಿಗೆ ಅಂಟಿ, ಎಂಟಾಗಿ ಉಳಿದದ್ದು ಆಗ ಸ್ಪಷ್ಟವಾಯಿತು. ರೋಗನಿರೋಧಕ ಜೀನುಗಳ ಬಹುಪಾಲು ಇರುವುದು ಹೀಗೆ ಮರುಜೋಡಣೆಗೊಂಡ ವರ್ಣತಂತುಗಳಲ್ಲಿಯೇ. ಸಾಗುವಳಿಯ ಕಬ್ಬಿನ (ರೀಯೂನಿಯನ್ ದ್ವೀಪದ ಆರ್ 570) ಜೀನೋಮ್ ದೊರೆತದ್ದು 2024ರಲ್ಲಿ. ಭತ್ತದ ಜೀನೋಮ್ ದೊರೆತು ಎರಡು ದಶಕಗಳಾದ ಮೇಲೆ.

ಇಂದಿನ ತಳಿಗಳಲ್ಲಿ ಕಾಡುಹುಲ್ಲಿನ ಪಾಲು ಸುಮಾರು 10ರಿಂದ 20 ಶತಾಂಶ. ಕೂಳೆ ಬೆಳೆಯ ಕಸುವು, ರೋಗ ತಡೆಯುವ ಶಕ್ತಿ ಬಹುಮಟ್ಟಿಗೆ ಅಲ್ಲಿಂದಲೇ ಬಂದವು. ಆದರೆ ಆರಂಭದ ಸಂಕರಗಳಿಗೆ ಬಳಸಿದ್ದು ಬೆರಳೆಣಿಕೆಯ ಕಾಡುಗಿಡಗಳನ್ನು ಮಾತ್ರ. ಉಳಿದವು ಕೊಯಮತ್ತೂರು, ಕಣ್ಣೂರುಗಳ ಸಂಗ್ರಹಗಳಲ್ಲಿ ಹಾಗೂ ಹೊಳೆದಂಡೆಗಳಲ್ಲಿ ಇವೆ. ಕಳೆಯೆಂದು ಅವುಗಳಿಗೆ ಬೆಂಕಿ ಇಡುವವರು ಸ್ವಲ್ಪ ಯೋಚಿಸಬೇಕು.

ಭದ್ರಾವತಿಯ ಆಸುಪಾಸಿನಲ್ಲಿ ಕಾರ್ಖಾನೆಗೆ ಕಬ್ಬು ಸಾಗಿಸಿದ ಮನೆತನದವರು ನಿಮ್ಮಲ್ಲಿ ಹಲವರಿದ್ದೀರಿ. ಆಗ ಹಾಕುತ್ತಿದ್ದ ತಳಿಗಳ ಹೆಸರುಗಳು ಹಿರಿಯರಿಗೆ ನೆನಪಿದ್ದಲ್ಲಿ ದಯವಿಟ್ಟು ಬರೆದು ತಿಳಿಸಿರಿ.