ಐವತ್ತನಾಲ್ಕು ವರ್ಷ ಕಾದ ಅಕ್ಷರ: ಜಾಪ್ಫಿನೊ

ಎರಡನೇ ಮಹಾಯುದ್ಧದ ದಿನಗಳು. ಜರ್ಮನ್ ಸೈನ್ಯದಲ್ಲಿ ಭೂಪಟ ರಚಿಸುವ ಕೆಲಸಕ್ಕೆ ನಿಯುಕ್ತರಾಗಿದ್ದ ತರುಣ ಹರ್ಮನ್ ಜಾಪ್ಫ್ ಅವರು 1944ರಲ್ಲಿ ತಮ್ಮ ಚಿತ್ರಪುಸ್ತಕದ ಪುಟವೊಂದರಲ್ಲಿ ಲೇಖನಿಯಿಂದ ಬಳುಕುವ ಅಕ್ಷರಗಳನ್ನು ಬರೆದಿಟ್ಟರು. ಅವು 'ಜಾಪ್ಫಿನೊ' ಎಂಬ ಹೆಸರಿನಲ್ಲಿ ಫಾಂಟ್ ರೂಪ ತಾಳಿ ಹೊರಬಂದದ್ದು 1998ರಲ್ಲಿ. ಆಗ ಜಾಪ್ಫ್ ಎಂಬತ್ತರ ಹೊಸ್ತಿಲಲ್ಲಿದ್ದರು.

ಇಷ್ಟೊಂದು ವಿಳಂಬಕ್ಕೆ ಮುಖ್ಯ ಕಾರಣ ಸೀಸ. ಅಚ್ಚುಮೊಳೆಯ ಕಾಲದಲ್ಲಿ ಪ್ರತಿಯೊಂದು ಅಕ್ಷರವೂ ಆಯತಾಕಾರದ ಲೋಹದ ತುಂಡಿನ ಮೇಲೆ ನಿಲ್ಲಬೇಕಿತ್ತು. ಪಕ್ಕದ ಅಕ್ಷರದ ಮೇಲೆ ಚಾಚಿಕೊಂಡ ತೆಳುಗೆರೆ ಮುರಿದುಹೋಗುವ ಭಯವಿತ್ತು. ಯುದ್ಧಾನಂತರ ಸ್ಟೆಂಪೆಲ್ ಅಚ್ಚುಮೊಳೆ ಸಂಸ್ಥೆಗಾಗಿ 'ವರ್ಚುವೋಸಾ' ಎಂಬ ಬಳುಕಿನ ಅಕ್ಷರಗಳನ್ನು ರೂಪಿಸಿದಾಗ ಜಾಪ್ಫ್ ಈ ಮಿತಿಗೆ ಮಣಿಯಬೇಕಾಯಿತು. ಮುಂದೆ ಪ್ಯಾಲಟಿನೊ, ಆಪ್ಟಿಮಾ ಅಕ್ಷರಶೈಲಿಗಳು ಅವರಿಗೆ ವಿಶ್ವಖ್ಯಾತಿ ತಂದವು. ಹಳೆಯ ಪುಟ ಮಾತ್ರ ಹಾಗೆಯೇ ಉಳಿಯಿತು.

1990ರ ದಶಕದಲ್ಲಿ ಅಮೆರಿಕದ ಡೇವಿಡ್ ಸೀಗಲ್ ಅವರ ಉತ್ಸಾಹದಿಂದ, ಜಿನೋ ಲೀ ಅವರ ತಾಂತ್ರಿಕ ನೆರವಿನಿಂದ ಕೆಲಸ ಮತ್ತೆ ಆರಂಭವಾಯಿತು. ಸೀಗಲ್ ನಡುವೆ ಹಿಂದೆ ಸರಿದರು. ಜಾಪ್ಫ್ ಅದನ್ನು ಲೈನೋಟೈಪ್ ಸಂಸ್ಥೆಗೆ ಒಯ್ದು ಪೂರ್ಣಗೊಳಿಸಿದರು.

ಕೈಬರಹದಲ್ಲಿ ಒಂದೇ ಅಕ್ಷರ ಎರಡು ಬಾರಿ ಒಂದೇ ರೀತಿ ಮೂಡುವುದಿಲ್ಲ. ಅದಕ್ಕಾಗಿಯೇ ಮೂಲ ಜಾಪ್ಫಿನೊದಲ್ಲಿ ನಾಲ್ಕು ಅಕ್ಷರಮಾಲೆಗಳಿದ್ದು, ಬರೆಯುವವರು ಬೇಕಾದ ರೂಪವನ್ನು ಆರಿಸಿಕೊಳ್ಳಬೇಕಿತ್ತು. ನಂತರ ಆಪಲ್ ಕಂಪನಿ ತನ್ನ ಮ್ಯಾಕ್ ಓಎಸ್ ಎಕ್ಸ್ ಜೊತೆ ನೀಡಿದ ಆವೃತ್ತಿಯಲ್ಲಿ 1400ಕ್ಕೂ ಹೆಚ್ಚು ಅಕ್ಷರರೂಪಗಳಿವೆ. ನೆರೆಯ ಅಕ್ಷರಗಳನ್ನು ನೋಡಿ ಫಾಂಟ್ ತಾನೇ ರೂಪ ಬದಲಿಸುತ್ತದೆ. ಫಾಂಟಿನ ಹೆಸರನ್ನೇ ಟೈಪ್ ಮಾಡಿದರೆ ಏಳೂ ಇಂಗ್ಲಿಷ್ ಅಕ್ಷರಗಳು ಬೆಸೆದು ಒಂದೇ ಚಿತ್ರವಾಗುತ್ತವೆ! ಕನ್ನಡಿಗರಿಗೆ ಇದು ತೀರಾ ಅಪರಿಚಿತವಲ್ಲ. ಕಂಪ್ಯೂಟರಿನಲ್ಲಿ 'ಕ'ಕಾರಕ್ಕೆ 'ಷ'ಕಾರದ ಒತ್ತು ಸೇರಿ 'ಕ್ಷ' ಮೂಡುವುದೂ ಇಂಥದೇ ಅಕ್ಷರ ಬದಲಾವಣೆಯ ತಂತ್ರದಿಂದ. ನಮಗೆ ಅದು ಅನಿವಾರ್ಯ, ಇಲ್ಲಿ ಅಲಂಕಾರ. 2003ರಲ್ಲಿ ಅಕಿರಾ ಕೊಬಯಾಶಿ ಅವರ ಸಹಯೋಗದಲ್ಲಿ 'ಜಾಪ್ಫಿನೊ ಎಕ್ಸ್‌ಟ್ರಾ' ಎಂಬ ವಿಸ್ತೃತ ಆವೃತ್ತಿ ಬಂದಿತು. ಜಾಪ್ಫ್ 2015ರಲ್ಲಿ ನಿಧನರಾದರು.

ಲ್ಯಾಟಿನ್ ಲಿಪಿಯ ಈ ಫಾಂಟಿನಲ್ಲಿ ಕನ್ನಡ ಅಕ್ಷರಗಳಿಲ್ಲ. ಲಗ್ನಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗುವ ವಧೂವರರ ಹೆಸರು, ಪ್ರಶಸ್ತಿಪತ್ರದ ಶೀರ್ಷಿಕೆ, ಪುಸ್ತಕದ ಮುಖಪುಟ, ಸುಗಂಧದ್ರವ್ಯದ ಲೇಬಲ್ ಮುಂತಾದ ಎರಡು ಮೂರು ಪದಗಳ ಕೆಲಸಕ್ಕೆ ಅದು ಶೋಭಿಸುತ್ತದೆ. ಇಡೀ ಪತ್ರಿಕೆಯನ್ನೇ ಅದರಲ್ಲಿ ಅಚ್ಚು ಹಾಕಿಸಿದರೆ ಮುಹೂರ್ತದ ವೇಳೆ ಓದಲು ಅತಿಥಿಗಳು ತಿಣುಕಬೇಕಾದೀತು. ಎಲ್ಲವನ್ನೂ ದೊಡ್ಡಕ್ಷರಗಳಲ್ಲಿ ಬರೆಯುವುದಂತೂ ಸಲ್ಲದು. ಬಳುಕುಗಳು ಒಂದಕ್ಕೊಂದು ತೊಡರಿಕೊಳ್ಳುತ್ತವೆ.

ಸಾಲುಗಳ ನಡುವೆ ಧಾರಾಳ ಅಂತರವೂ ಅಗತ್ಯ. ಪುಟವಿನ್ಯಾಸದಲ್ಲಿ ಪದದ ಸುತ್ತ ಎಳೆದ ಚೌಕಟ್ಟು ಕಿರಿದಾದರೆ ಕೆಲವು ತಂತ್ರಾಂಶಗಳು ಅಕ್ಷರದ ಬಾಲವನ್ನು ಅಂಚಿನಲ್ಲಿಯೇ ಕತ್ತರಿಸಿ ತೋರಿಸುತ್ತವೆ. ಸೀಸದ ತುಂಡಿನ ಹಳೆಯ ತೊಂದರೆ ಅಷ್ಟರ ಮಟ್ಟಿಗೆ ಇನ್ನೂ ಉಳಿದುಕೊಂಡಿದೆ.