ಕಲ್ಲಚ್ಚಿಗೆ ಇಳಿಯದ ಆಟದ ಬಯಲು

ಕಳೆದ ಶತಮಾನದ ನಡುವಿನ ಅಮೆರಿಕದ ಕಲ್ಲಚ್ಚುಗಳಲ್ಲಿ (ಲಿಥೋಗ್ರಾಫ್) ಹಳ್ಳಿಮಕ್ಕಳು ಬಯಲಲ್ಲಿ ಆಡುವುದನ್ನು ಕಂಡು ಮೆಚ್ಚುವವರು, ಈ ಕಲೆ ನಮ್ಮಲ್ಲಿಗೆ ಈಚೆಗೆ ಬೆಂಗಳೂರಿನ ಸ್ಟುಡಿಯೋಗಳ ಮೂಲಕ ಬಂತೆನ್ನುವುದು ಈಗಿನ ರೂಢಿ. ಅದು ಸರಿಯಲ್ಲ: 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಮೊಗ್ಲಿಂಗ್ ಹೊರಡಿಸಿದ ಪತ್ರಿಕೆ ‘ಮಂಗಳೂರ ಸಮಾಚಾರ’ ಅಚ್ಚಾದದ್ದೇ ಕಲ್ಲಿನಲ್ಲಿ. ಆದರೆ ಮಿಷನ್ನಿನವರಿಗೆ ಬೇಕಿದ್ದದ್ದು ಅಕ್ಷರ. ಅಚ್ಚುಮೊಳೆ ಸಿಕ್ಕಿದ್ದೇ ತಡ, ಕಲ್ಲು ಮೂಲೆ ಸೇರಿತು.

ಚಿತ್ರ ಬಂದದ್ದು ಹೊರಗಿನಿಂದ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮನ ಪ್ರೆಸ್ಸಿನ ಲಕ್ಷ್ಮಿ, ಸರಸ್ವತಿಯರು ಮನೆಮನೆಯ ಗೋಡೆ ಹತ್ತಿದರು. ಅಲ್ಲಿ ಆಡುವ ಮಗುವೆಂದರೆ ಬಾಲಕೃಷ್ಣನೇ. ಮುಂದೆ ಕಲಬುರಗಿಯ ಎಸ್. ಎಂ. ಪಂಡಿತರ ಕ್ಯಾಲೆಂಡರುಗಳು, ‘ಚಂದಮಾಮ’ದಲ್ಲಿ ಎಂ.ಟಿ.ವಿ. ಆಚಾರ್ಯರ ಮಹಾಭಾರತದ ಮುಖಪುಟಗಳು. ಕೈಚಳಕಕ್ಕೆ ಎರಡು ಮಾತಿಲ್ಲ, ಆದರೆ ಮೂಗು ಸುರಿಸಿಕೊಂಡು ಓಡುವ ಹುಡುಗನಿಗೆ ಅಲ್ಲಿ ಜಾಗವಿರಲಿಲ್ಲ.

ಅಮೆರಿಕದಲ್ಲಿ ಆದದ್ದೇ ಬೇರೆ. ಆರ್ಥಿಕ ಕುಸಿತದ ನಡುವೆ, 1934ರಲ್ಲಿ, ಅಸೋಸಿಯೇಟೆಡ್ ಅಮೆರಿಕನ್ ಆರ್ಟಿಸ್ಟ್ಸ್ ಸಂಸ್ಥೆ ಕಲಾವಿದರೇ ಸಹಿ ಮಾಡಿದ ಅಚ್ಚುಗಳನ್ನು ಐದೈದು ಡಾಲರಿಗೆ ಮಾರತೊಡಗಿತು. ಥಾಮಸ್ ಹಾರ್ಟ್ ಬೆಂಟನ್, ಗ್ರಾಂಟ್ ವುಡ್ ಮುಂತಾದವರ ಹೊಲ, ಹಳ್ಳಿಗಳು ಸಾಧಾರಣ ಸಂಬಳದವರ ಮನೆಗೂ ಹೋದವು. ಅಮೂರ್ತ ಕಲೆಯ ಗಾಳಿ ಬೀಸಿದ ಮೇಲೆ ವಿಮರ್ಶಕರು ಇವನ್ನು ‘ಕ್ಯಾಲೆಂಡರ್ ಚಿತ್ರ’ವೆಂದು ಮೂಗು ಮುರಿದರು, ಆ ತಾತ್ಸಾರವನ್ನು ನಾವೂ ಓದದೆಯೇ ನಂಬಿದೆವು.

ನಮ್ಮ ಪೀಳಿಗೆಯವರು ಕಲ್ಲಚ್ಚಿನ ಕೆಲಸ ಕಲಿತದ್ದು ಮೊಣಕೈ ನೋಯಿಸಿಕೊಂಡು. ಸುಣ್ಣಕಲ್ಲಿನ ಮೇಲೆ ನೀರು, ಕಾರ್ಬೊರಂಡಮ್ ಪುಡಿ ಹಾಕಿ ಇನ್ನೊಂದು ಕಲ್ಲಿನಿಂದ ಉಜ್ಜಬೇಕು, ಹಳೆಯ ಚಿತ್ರದ ಜಿಡ್ಡು ಪೂರ್ತಿ ಹೋಗುವ ತನಕ. ಆಮೇಲೆ ಜಿಡ್ಡಿನ ಬಳಪದಲ್ಲಿ ಬರೆದು, ಆಮ್ಲ ಬೆರೆಸಿದ ಅಂಟು ಬಳಿದು, ಒದ್ದೆ ಸ್ಪಂಜಿನಲ್ಲಿ ಒರೆಸಿ ಮಸಿಯ ರೋಲರು ಉರುಳಿಸಿದರೆ, ಬರೆದಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಬಳಪದ ಆ ಕಪ್ಪು ತರಿ ಆಡುವ ಮಕ್ಕಳ ಮೈಗೆ, ಧೂಳಿಗೆ ಒಗ್ಗುವಷ್ಟು ಎಣ್ಣೆಬಣ್ಣ ಒಗ್ಗುವುದಿಲ್ಲ. ಕ್ಯಾನ್ವಾಸಿನವರು ಇದನ್ನು ಒಪ್ಪಲಾರರು, ಬಿಡಿ. ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರ ಒಂದೇ ಉಸಿರಿನ ಗೆರೆ ನೋಡಿದಾಗಲೆಲ್ಲ, ಅದು ಕಲ್ಲಿನ ಮೇಲೆ ಹೇಗಿರುತ್ತಿತ್ತೆಂಬ ಕುತೂಹಲ ನನಗೆ.

ದಕ್ಷಿಣ ಕನ್ನಡದ ನಮ್ಮ ವೇಣೂರಿನ ಸುತ್ತ ಇಂಥ ಚಿತ್ರಕ್ಕೆ ವಸ್ತುವಿಗೇನು ಬರ? ಆಟಿ ತಿಂಗಳ ಮಳೆಗೆ ಒಳಗೆ ಕೂತು ಚೆನ್ನೆಮಣೆ, ಮಳೆ ಬಿಟ್ಟರೆ ಲಗೋರಿ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯ ಮೇಲೆ ತಂಗಿಯನ್ನು ಕೂರಿಸಿ, ಸೋಗೆ ಹಿಡಿದು ಅಣ್ಣ ಎಳೆಯುತ್ತಾನೆ. ತಿರುವಿನಲ್ಲಿ ಅವಳು ಮಗುಚಿ ಬೀಳುತ್ತಾಳೆ. ಆದರೆ ಕ್ಯಾಮರಾ ಕಣ್ಣು ಬಿದ್ದದ್ದು ಇಲ್ಲಿನ ಬಾಹುಬಲಿಯ ಮೇಲೆ, ಕಂಬಳದ ಕೋಣಗಳ ಮೇಲೆ. ಕಲಾಶಿಬಿರಗಳು ಕ್ಯಾನ್ವಾಸಿಗೆ ಅಂಟಿಕೊಂಡಿವೆ, ನಾಲ್ಕು ದಿನದಲ್ಲಿ ಮುಗಿಯಬೇಕಲ್ಲ!

ಕಲ್ಲೇ ಬೇಕೆಂದೂ ಇಲ್ಲ. ಆಫ್‌ಸೆಟ್ ಪ್ರೆಸ್ಸಿನವರು ಗುಜರಿಗೆ ಹಾಕುವ ಅಲ್ಯೂಮಿನಿಯಂ ಪ್ಲೇಟಿನ ಹಿಂಬದಿಯನ್ನು ಉಜ್ಜಿ ತರಿ ಮಾಡಿಕೊಂಡರೂ ಬರೆಯಬಹುದು. ಅಚ್ಚು ತೆಗೆಯಲು ಒಂದು ಕೈಪ್ರೆಸ್ಸು ಬೇಕು, ಕಲಿಸಲು ಒಬ್ಬ ಡ್ರಾಯಿಂಗ್ ಮಾಸ್ಟರು ಬೇಕು. ಎಷ್ಟೋ ಸರಕಾರಿ ಶಾಲೆಗಳಲ್ಲಿ ಆ ಹುದ್ದೆಯೇ ಖಾಲಿ.